ರೀಸನ್ ಕೋಡ್ 4

ಸೆಲ್ಫ್ ಚೆಕ್‌ಔಟ್, ಅಂದರೆ ಗಿರಾಕಿಯೇ ಸ್ಕ್ಯಾನ್ ಮಾಡಿ ದುಡ್ಡು ಕಟ್ಟುವ ಮಶೀನ್, ನಮ್ಮ ಸೂಪರ್‌ಮಾರ್ಕೆಟಿಗೆ ಬಂದ ಮೇಲೆ ಏರಿಯಾ ಮ್ಯಾನೇಜರಿಗೆ ಒಂದೇ ಚಿಂತೆ. ಒಟ್ಟು ಬಿಲ್ಲಿನಲ್ಲಿ ಮಶೀನಿನದ್ದು ಎಷ್ಟು ಪರ್ಸೆಂಟ್? ಬೆಳಗ್ಗೆ ಶಟರ್ ಏರುವ ಮೊದಲೇ ವಾಟ್ಸಾಪಿಗೆ ಶೀಟ್ ಬಂದು ಬಿದ್ದಿರುತ್ತದೆ. ಕಾಸರಗೋಡು ಬ್ರಾಂಚಿನ ಸಾಲು ಕೆಂಪು. ಅದರ ಕೆಳಗೆ ಒಂದು ಪ್ರಶ್ನಾರ್ಥಕ ಚಿಹ್ನೆ. ಬೇರೆ ಮಾತಿಲ್ಲ. ಜನ ಅತ್ತ ಯಾಕೆ ಹೋಗುವುದಿಲ್ಲ, ಹೋಗುವವರು ಯಾಕೆ ಹೋಗುತ್ತಾರೆ ಅಂತ ಅವರು ಕೇಳಿದವರಲ್ಲ. ಕೇಳಿದ್ದರೆ ನಾನು ಪಟಪಟ ಉತ್ತರ ಕೊಡುತ್ತಿದ್ದೆ. ಆಗ ನನಗೆ ಎಲ್ಲ ಗೊತ್ತಿತ್ತು.

ನಾನು ಇಲ್ಲಿ ಕ್ಯಾಶ್ ಸೆಕ್ಷನ್ನಿನ ಇನ್‌ಚಾರ್ಜ್. ಕುತ್ತಿಗೆಯಲ್ಲಿ ಸೂಪರ್‌ವೈಸರ್ ಕಾರ್ಡ್. ಕೌಂಟರುಗಳು ನಾಲ್ಕಿದ್ದವು. ಒಂದನ್ನು ಕಿತ್ತು ಅಲ್ಲಿ ಎರಡು ಮಶೀನ್ ಕೂರಿಸಿದರು. ಎರಡನೇ ಕೌಂಟರಿನ ಅಕ್ಕ ಬದಿಯಡ್ಕ ಕಡೆಯವರು. ಗಿರಾಕಿ ಬಾಸ್ಕೆಟ್ ಇಡುವ ರೀತಿ ನೋಡಿಯೇ ಅವರು ಭಾಷೆ ಅಂದಾಜು ಮಾಡುತ್ತಾರೆ. ಒಬ್ಬರಿಗೆ ತುಳು, ಹಿಂದಿನವರಿಗೆ ಮಲಯಾಳ, ಅವರ ಹಿಂದಿನ ಮುಸ್ಲಿಂ ಹೆಂಗಸಿಗೆ ಬ್ಯಾರಿ, ಕೊನೆಯ ಮಾಷ್ಟ್ರಿಗೆ ಚಂದದ ಕನ್ನಡ. ಸಪ್ತಭಾಷಾ ಸಂಗಮ ಭೂಮಿ ಅಂತ ಭಾಷಣದಲ್ಲಿ ಹೇಳುತ್ತಾರಲ್ಲ, ನಮ್ಮಲ್ಲಿ ಅದು ಸಂಜೆ ಶಿಫ್ಟಿನ ಮಾಮೂಲಿ ಕೆಲಸ.

ಮಶೀನಿಗೆ ಇಂಗ್ಲಿಷ್, ಮಲಯಾಳ, ಹಿಂದಿ ಮಾತ್ರ ಬರುತ್ತದೆ. ಕನ್ನಡ ಹಾಕಿ ಅಂತ ಮೇಲ್ ಮಾಡಿದೆ. ನೆಕ್ಸ್ಟ್ ವರ್ಶನ್‌ನಲ್ಲಿ ನೋಡೋಣ ಎಂದು ವೆಂಡರ್ ಬರೆದರು. 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಸೇರಿದ ಊರು ಇದು. ನೆಕ್ಸ್ಟ್ ವರ್ಶನ್ ಕಾಯುವುದು ನಮಗೆ ಅಭ್ಯಾಸ ಇದೆ.

ಹಾಗಾಗಿ ನನ್ನ ತಲೆಯಲ್ಲಿ ಒಂದು ಲೆಕ್ಕ ಕೂತಿತ್ತು. ಕನ್ನಡದವರು, ವಯಸ್ಸಾದವರು, ಹೆಂಗಸರು ಮಶೀನಿನ ಹತ್ತಿರ ನಿಂತರೆ ಅವರಿಗೆ ದಾರಿ ತಪ್ಪಿದೆ ಅಂತ ಅರ್ಥ. ಕೈ ಹಿಡಿದು ಕೌಂಟರಿಗೆ ತರಬೇಕು. ಹುಡುಗರನ್ನು, ಗಲ್ಫಿನಿಂದ ರಜೆಗೆ ಬಂದವರನ್ನು ಮಶೀನಿಗೆ ಕಳಿಸಬೇಕು. ಗಲ್ಫಿನವರು ನಿಜವಾಗಿಯೂ ಹೋಗುತ್ತಿದ್ದರು. ಹೋಗಿ, "ಅಲ್ಲಿ ಇದಕ್ಕಿಂತ ಬೇಗ ಆಗ್ತದೆ" ಎಂದು ನನಗೆ ಹೇಳಿ ಹೋಗುತ್ತಿದ್ದರು.

ಅವರ ಮಾತು ಸುಳ್ಳಲ್ಲ. ಮಶೀನಿನ ಪಕ್ಕದ ತಟ್ಟೆಯ ಅಡಿಯಲ್ಲಿ ತೂಕದ ಸೆನ್ಸರ್ ಇದೆ. ಸ್ಕ್ಯಾನ್ ಮಾಡಿದ ಸಾಮಾನಿನ ತೂಕವೂ ತಟ್ಟೆಗೆ ಬಿದ್ದ ತೂಕವೂ ತಾಳೆ ಆಗಬೇಕು. ತಾಳೆ ಆಗದಿದ್ದರೆ ಲಾಕ್. ಕೇರಳದಲ್ಲಿ 2020ರ ಜನವರಿಯಿಂದ ಪ್ಲಾಸ್ಟಿಕ್ ಕೈಚೀಲ ಬಂದ್. ಅಂದರೆ ಪ್ರತಿಯೊಬ್ಬರೂ ಮನೆಯಿಂದ ಬಟ್ಟೆ ಚೀಲ ತರುತ್ತಾರೆ. ಆ ಚೀಲವನ್ನು ತಟ್ಟೆಯ ಮೇಲೆ ಇಟ್ಟ ಕೂಡಲೇ ಮಶೀನಿಗೆ ಗುಮಾನಿ. ಹತ್ತು ಕೆಜಿ ಕುಚ್ಚಲಕ್ಕಿ ತಂದವರು ಮೂಟೆ ಎತ್ತಿ ತಟ್ಟೆಗೆ ಇಡಬೇಕು, ಇಲ್ಲವೇ ನಾನು ಓಡಿ ಬಂದು ಕಾರ್ಡ್ ತೋರಿಸಬೇಕು. ಇದನ್ನು ಡಿಸೈನ್ ಮಾಡಿದ ಪುಣ್ಯಾತ್ಮ ಒಮ್ಮೆಯೂ ಅಕ್ಕಿ ತರಲು ಅಂಗಡಿಗೆ ಹೋದವನಲ್ಲ.

ಎಂ.ಆರ್.ಪಿ. ಪಾಪ್‌ಅಪ್‌ನದ್ದು ಇನ್ನೊಂದು ರಗಳೆ. 2025ರ ಸೆಪ್ಟೆಂಬರ್ 22ರಿಂದ ಸೋಪು, ಶಾಂಪೂ, ಟೂತ್‌ಪೇಸ್ಟಿನ ಜಿ.ಎಸ್.ಟಿ. 18ರಿಂದ 5 ಪರ್ಸೆಂಟಿಗೆ ಇಳಿಯಿತು. ಹಳೆ ಸ್ಟಾಕಿನ ಮೇಲೆ ಅಚ್ಚಾದ ಬೆಲೆ ಒಂದು, ಹೊಸದರ ಮೇಲೆ ಇನ್ನೊಂದು, ಬಾರ್‌ಕೋಡ್ ಮಾತ್ರ ಒಂದೇ. ಕೌಂಟರಿನಲ್ಲಾದರೆ ಅಕ್ಕ ಪ್ಯಾಕೆಟ್ ತಿರುಗಿಸಿ ನೋಡಿ ಒತ್ತುತ್ತಾರೆ. ಗಿರಾಕಿಗೆ ಗೊತ್ತೇ ಆಗುವುದಿಲ್ಲ. ಮಶೀನ್ ಎರಡೂ ಬೆಲೆಯನ್ನು ಗಿರಾಕಿಯ ಮುಖಕ್ಕೇ ಹಿಡಿದು ಯಾವುದು ಅಂತ ಕೇಳುತ್ತದೆ. ಒಬ್ಬರು ಉಪ್ಪಳದ ಕಡೆಯ ವ್ಯಾಪಾರಿ, ಸ್ವತಃ ಅಂಗಡಿ ಇಟ್ಟವರು, ಅಲ್ಲೇ ಸಾಮಾನು ಬಿಟ್ಟು ಕೌಂಟರಿಗೆ ಬಂದರು. "ನೀವು ತಪ್ಪು ಒತ್ತಿದರೆ ಸಾರಿ ಹೇಳಿ ಮುಗಿಸ್ತೀರಿ. ನಾನು ತಪ್ಪು ಒತ್ತಿದರೆ ಕಳ್ಳ. ಮೇಲೆ ಕ್ಯಾಮರಾ ಬೇರೆ ಉಂಟು. ನನಗೆ ಬೇಡ ಮಾರಾಯ್ರೆ" ಅಂದರು. ಮಶೀನ್ ಯಾಕೆ ಬೇಡ ಅಂತ ನಾನು ಕೇಳಿದ ಮಾತುಗಳಲ್ಲಿ ಇದರಷ್ಟು ಸರಿಯಾದದ್ದು ಬೇರೆ ಇಲ್ಲ. ಸಂಬಳ ಇಲ್ಲದ ಕೆಲಸ ನಮ್ಮಿಂದ ಮಾಡಿಸ್ತೀರಾ, ಡಿಸ್ಕೌಂಟ್ ಕೊಡಿ ಅನ್ನುವವರೂ ಇದ್ದಾರೆ. ಅದು ಜಗಳಕ್ಕೆ ಚಂದ, ಅಷ್ಟೇ.

ಇಷ್ಟೆಲ್ಲ ಕಾಟ ಇದ್ದರೂ ಮಶೀನಿಗೇ ಹೋಗುವವರು ಯಾರು? ಕಾಲೇಜು ಹುಡುಗಿಯರು ಪ್ಯಾಡ್ ಕೊಳ್ಳುವಾಗ ಅಲ್ಲಿಗೇ ಹೋಗುತ್ತಿದ್ದರು. ಕೌಂಟರಿನಲ್ಲಾದರೆ ಪೇಪರ್ ಸುತ್ತಿ ಕೊಡುವುದು, ಹಿಂದೆ ನಿಂತವರು ಬೇರೆ ಕಡೆ ನೋಡುವುದು, ಇದೆಲ್ಲ ನಾಟಕ. ಅದು ನನಗೆ ಕಣ್ಣಿಗೆ ಬಿದ್ದಿತ್ತು. ಅಲ್ಲಿಂದ ಒಂದು ಹೆಜ್ಜೆ ಮುಂದೆ ಯೋಚಿಸಿರಲಿಲ್ಲ.

ದೀಪಾವಳಿಯ ಹಿಂದಿನ ಶನಿವಾರ ಸಂಜೆ. ಬಸ್ ಹಿಡಿಯುವವರೆಲ್ಲ ಒಟ್ಟಿಗೆ ನುಗ್ಗುವ ಹೊತ್ತು. ಒಬ್ಬ ಅಮ್ಮ, ಐವತ್ತು ದಾಟಿರಬಹುದು, ಬಾಸ್ಕೆಟ್ ಹಿಡಿದು ನೇರ ಮಶೀನಿಗೆ ಹೋದರು. ಎರಡನೇ ಕೌಂಟರಿನಲ್ಲಿ ಆಗ ತಾನೇ ಜನ ಕರಗಿತ್ತು. ಇದೇ ನೋಡು ನನ್ನ ಕೇಸ್ ಅಂದುಕೊಂಡೆ.

"ಅಮ್ಮಾ, ಈಚೆ ಬನ್ನಿ. ಇಲ್ಲಿ ಕನ್ನಡದವರೇ ಇದ್ದಾರೆ" ಅಂದೆ. ಸ್ವಲ್ಪ ಜೋರಾಗಿಯೇ ಅಂದೆ. ಅಕ್ಕ ತಲೆ ಎತ್ತಿ ನೋಡಿದರು.

"ಬೇಡ ಮಗ. ನಾನು ಇಲ್ಲೇ ಮಾಡ್ತೇನೆ."

"ಅದು ನಿಮಗೆ ಕಷ್ಟ ಆಗ್ತದೆ ಅಮ್ಮ."

"ನನಗೆ ಗೊತ್ತುಂಟು."

ನಿಜವಾಗಿಯೂ ಗೊತ್ತಿತ್ತು. ಅವಲಕ್ಕಿ, ಬೆಲ್ಲ, ಉದ್ದಿನಬೇಳೆ, ಸೋಪು ಒಂದೊಂದಾಗಿ ಬೀಪ್ ಆಯಿತು. ಒಂದೊಂದು ಇಟ್ಟ ಮೇಲೂ ಅವರು ಮೇಲಿನ ಮೊತ್ತ ನೋಡುತ್ತಿದ್ದರು. ನಾನು ಅದನ್ನೂ ತಪ್ಪು ತಿಳಿದೆ, ಓದಲು ಒದ್ದಾಡುತ್ತಿದ್ದಾರೆ ಅಂತ. ಕೊನೆಗೆ ಒಂದು ಲೀಟರ್ ತೆಂಗಿನೆಣ್ಣೆ. ಆ ವರ್ಷ ತೆಂಗಿನೆಣ್ಣೆ ಲೀಟರಿಗೆ 400 ದಾಟಿ ಓಡುತ್ತಿತ್ತು. ತೆಂಗಿನ ಮರದ ಕೆಳಗೇ ಹುಟ್ಟಿದವರು ಎಣ್ಣೆಯ ರೇಟ್ ಕೇಳಿ ಪ್ಯಾಕೆಟ್ ವಾಪಸ್ ಇಡುವುದನ್ನು ನಾನು ದಿನವೂ ನೋಡುತ್ತಿದ್ದೆ. ಎಣ್ಣೆ ಬೀಪ್ ಆದದ್ದೇ ಅವರ ಕೈ ನಿಂತಿತು. ಫೋನ್ ತೆಗೆದು ಏನೋ ನೋಡಿದರು. ಆಮೇಲೆ ಸ್ಕ್ರೀನಿನಲ್ಲಿ ಎಣ್ಣೆಯ ಸಾಲಿನ ಪಕ್ಕದ ಕಸದ ಬುಟ್ಟಿಯ ಚಿತ್ರ ಒತ್ತಿದರು.

ಸಾಮಾನು ತೆಗೆಯಲು ಅಪ್ರೂವಲ್ ಬೇಕು. ಮಶೀನಿನ ಕಂಬದ ಮೇಲೆ ಕೆಂಪು ದೀಪ ಆಂಬುಲೆನ್ಸಿನ ಹಾಗೆ ತಿರುಗಲು ಶುರುವಾಯಿತು. ಬೀಪ್, ಬೀಪ್, ಬೀಪ್. ಸಹಾಯಕರು ಬರುತ್ತಾರೆ, ಕಾಯಿರಿ ಎಂದು ಮಲಯಾಳದಲ್ಲಿ ಹೆಣ್ಣು ದನಿ. ಕ್ಯೂನಲ್ಲಿ ನಿಂತವರೆಲ್ಲ ಅತ್ತ ತಿರುಗಿದರು. ತಿರುಗಬೇಕು ಅಂತಲೇ ಅಲ್ವಾ ಆ ದೀಪ ಇಟ್ಟದ್ದು.

ನಾನು ಓಡಿದೆ. ಕಾರ್ಡ್ ಹಿಡಿದೆ, ಓದಲಿಲ್ಲ. ಶರ್ಟಿಗೆ ಉಜ್ಜಿ ಪುನಃ ಹಿಡಿದೆ. ಅಷ್ಟು ಹೊತ್ತೂ ಆ ದನಿ ಅದನ್ನೇ ಹೇಳುತ್ತಿತ್ತು. ಅಮ್ಮ ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡು ಸ್ಕ್ರೀನನ್ನೇ ನೋಡುತ್ತಿದ್ದರು. ಸುಮ್ನೆ ಇದ್ದಿದ್ದರೆ ಆಗುತ್ತಿತ್ತು. ನನಗೆ ಒಳ್ಳೆಯವನಾಗುವ ಚಪಲ.

"ದುಡ್ಡು ಕಡಿಮೆ ಆಯ್ತಾ ಅಮ್ಮ? ಪರವಾಗಿಲ್ಲ, ಎಣ್ಣೆ ತೆಕ್ಕೊಂಡು ಹೋಗಿ. ನಾನು ಹಾಕ್ತೇನೆ, ಮತ್ತೆ ಕೊಟ್ಟರೆ ಸಾಕು."

ಬೀಪಿನ ಮೇಲೆ ಕೇಳಬೇಕಲ್ಲ, ಹಾಗಾಗಿ ದನಿ ಏರಿಸಿಯೇ ಹೇಳಿದ್ದು.

"ಬೇಡ. ಅದನ್ನು ತೆಗೀರಿ" ಅಂದರು. ಮಗ ಅನ್ನಲಿಲ್ಲ.

ಕಾರ್ಡ್ ಓದಿತು. ಈಗ ರೀಸನ್ ಕೋಡ್, ಸಾಮಾನು ಯಾಕೆ ತೆಗೆದದ್ದು ಅಂತ. ಸ್ಕ್ರೀನ್ ತುಂಬ ನಾಲ್ಕು ಡಬ್ಬಿ. ಒಂದು, ತಪ್ಪು ಸ್ಕ್ಯಾನ್. ಎರಡು, ಬೆಲೆ ವ್ಯತ್ಯಾಸ. ಮೂರು, ಮಾಲು ಹಾಳು. ನಾಲ್ಕು, ಗಿರಾಕಿಯ ಹತ್ತಿರ ಹಣ ಸಾಲದು. ಎಲ್ಲ ಇಂಗ್ಲಿಷಿನಲ್ಲಿ, ದಪ್ಪ ಅಕ್ಷರದಲ್ಲಿ, ಅವರ ಎದುರಿಗೆ. ಕೋಡ್ ಸರಿಯಾಗಿ ಹಾಕಿ, ಡೇಟಾ ಕೆಡಿಸಬೇಡಿ ಎಂದು ಟ್ರೈನಿಂಗಿನಲ್ಲಿ ಬಾರಿಸಿ ಬಾರಿಸಿ ಹೇಳಿದ್ದರು. ನನ್ನ ಬೆರಳು ನಾಲ್ಕಕ್ಕೆ ಹೋಯಿತು. ಅದು ಹಸಿರಾಗಿ ಹೊಳೆದು, ಒಂದು ಕ್ಷಣ ನಿಂತು ಮಾಯವಾಯಿತು. ಆ ಅಕ್ಷರಗಳನ್ನು ಅವರು ಓದಿದರು. ಬ್ಯಾಂಕಿನ ಮೆಸೇಜಿನಲ್ಲಿ ಬರುವ ಶಬ್ದವೇ ಅದು. ಅದನ್ನು ಓದಲು ಯಾರಿಗೂ ಇಂಗ್ಲಿಷ್ ಮೀಡಿಯಂ ಬೇಕಿಲ್ಲ.

ಯು.ಪಿ.ಐ. ಮಾಡಿದರು, ಬಿಲ್ ತೆಗೆದುಕೊಂಡರು, ಹೋದರು. ಎರಡನೇ ಕೌಂಟರಿನ ಕಡೆ ನೋಡಲೇ ಇಲ್ಲ.

ರಾತ್ರಿ ಟ್ಯಾಲಿ ಮಾಡುವಾಗ ಅಕ್ಕ ಹೇಳಿದರು, "ಅವರು ನಮ್ಮ ಊರಿನವರು. ದಿನಾ ಒಂದೇ ಬಸ್ಸು. ನಾನು ಇಲ್ಲಿ ಇದ್ದೇನೆಂತಲೇ ಅವರು ಆ ಕಡೆ ಹೋದದ್ದು ಮಾರಾಯ್ರೆ. ನೀವು ಕರೆದು ಕರೆದು ನನ್ನ ಹತ್ರ ಕಳಿಸ್ಲಿಕ್ಕೆ ನೋಡಿದಿರಿ."

ಆಮೇಲೆ ಅಕ್ಕನ ಕೌಂಟರನ್ನು ಸರಿಯಾಗಿ ಗಮನಿಸಿದೆ. ದುಡ್ಡು ಸಾಲದ ಗಿರಾಕಿ ಅಲ್ಲಿಗೂ ಬರುತ್ತಾರೆ. ಅಕ್ಕ ಮುಖ ಎತ್ತುವುದಿಲ್ಲ. "ಇದು ಒಳಗೆ ಫ್ರೆಶ್ ಬರ್ಲಿಕ್ಕೆ ಉಂಟು, ನಾಳೆ ತೆಕ್ಕೊಳ್ಳಿ" ಎನ್ನುತ್ತ ಆ ಸಾಮಾನನ್ನು ಕೌಂಟರಿನ ಅಡಿಗೆ ಸರಿಸುತ್ತಾರೆ. ಸ್ಕ್ಯಾನ್ ಆಗಿದ್ದರೆ ಬಿಲ್ ಹೋಲ್ಡ್ ಮಾಡಿ, ಹೊಸ ಬಿಲ್ ಹಾಕಿ, ವಾಯ್ಡನ್ನು, ಅಂದರೆ ಹಳೆ ಬಿಲ್ ರದ್ದು ಮಾಡುವುದನ್ನು, ಜನ ಇಲ್ಲದಾಗ ನನ್ನ ಹತ್ತಿರ ತರುತ್ತಾರೆ. ಕಂಪನಿಯ ಯಾವ ನಿಯಮದಲ್ಲೂ ಇದು ಇಲ್ಲ. ನಾನು ಎಷ್ಟೋ ಸಲ ಇದೇ ಕಾರಣಕ್ಕೆ ಅವರಿಗೆ ಬೈದಿದ್ದೇನೆ, ಹೋಲ್ಡ್ ಬಿಲ್ ಜಾಸ್ತಿ ಆಯಿತು ಅಂತ.

ಮಶೀನಿನಲ್ಲಿ ಒಂದೆರಡು ಸಾಮಾನನ್ನಾದರೂ ಅಪ್ರೂವಲ್ ಇಲ್ಲದೆ ತೆಗೆಯಲು ಬಿಡಿ, ದೀಪ ಬೀಪು ಕಡಿಮೆ ಮಾಡಿ ಎಂದು ಮೇಲೆ ಬರೆದೆ. ತೂಕ ಬರಲಿ ಅಂತ ಹೊರದೇಶದ ಕಥೆಗಳನ್ನೂ ಸೇರಿಸಿದೆ. ಬ್ರಿಟನ್ನಿನ ಬೂತ್ಸ್ ಎಂಬ ಸೂಪರ್‌ಮಾರ್ಕೆಟ್ 2023ರಲ್ಲಿ ಎರಡು ಅಂಗಡಿ ಬಿಟ್ಟು ಉಳಿದೆಲ್ಲ ಕಡೆ ಮಶೀನ್ ತೆಗೆದು ಕ್ಯಾಶಿಯರನ್ನೇ ಕೂರಿಸುವುದಾಗಿ ಹೇಳಿತು. ನೆದರ್‌ಲ್ಯಾಂಡ್ಸಿನ ಯುಂಬೊ 2019ರಲ್ಲಿ ಅವಸರ ಇಲ್ಲದವರಿಗೆ, ಮಾತಾಡುತ್ತ ಬಿಲ್ ಮಾಡಿಸುವವರಿಗೆ ಅಂತಲೇ ಒಂದು ಕೌಂಟರ್ ತೆರೆಯಿತು. ಒಬ್ಬಂಟಿ ಮುದುಕರಿಗೆ ನಾಲ್ಕು ಮಾತು ಸಿಗಲಿ ಅಂತ. ಅಕ್ಕನಿಗೆ ಇದನ್ನು ಹೇಳಿದರೆ, "ಇಲ್ಲಿ ಮಾತಾಡದ ಕೌಂಟರ್ ಒಂದು ಬೇಕು ಮಾರಾಯ್ರೆ" ಎಂದು ನಕ್ಕರು.

ಏರಿಯಾ ಮ್ಯಾನೇಜರ್ ಬರೆದ ಉತ್ತರ ಒಂದು ಸಾಲು. ಸ್ಕ್ಯಾನ್ ಮಾಡಿ, ಡಿಲೀಟ್ ಮಾಡಿ, ಚೀಲಕ್ಕೆ ಹಾಕಿಕೊಂಡು ಹೋಗುವವರಿದ್ದಾರೆ, ಶ್ರಿಂಕೇಜ್, ಅಂದರೆ ಮಾಲು ಕಾಣೆಯಾದ ನಷ್ಟ, ನಿಮ್ಮ ತಲೆಗೆ ಕಟ್ಟಲಾ? ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಅಂಥವರನ್ನು ನಾನೇ ಹಿಡಿದಿದ್ದೇನೆ. ಆದರೆ ಕಳ್ಳನನ್ನು ಹಿಡಿಯಲು ಇಟ್ಟ ದೀಪ ದುಡ್ಡು ಸಾಲದವರ ತಲೆ ಮೇಲೆ ತಿರುಗುತ್ತದೆ ಅನ್ನುವುದಕ್ಕೆ ಶೀಟಿನಲ್ಲಿ ಕಾಲಂ ಇಲ್ಲ.

ಆ ಅಮ್ಮ ಈಗಲೂ ಬರುತ್ತಾರೆ. ಮಶೀನಿಗೂ ಇಲ್ಲ, ಅಕ್ಕನ ಹತ್ತಿರವೂ ಇಲ್ಲ. ಒಂದನೇ ಕೌಂಟರಿನಲ್ಲಿ ಪಯ್ಯನ್ನೂರಿನ ಹುಡುಗ ಇದ್ದಾನೆ, ಕನ್ನಡದ ಒಂದಕ್ಷರ ಬರುವುದಿಲ್ಲ. ಅಲ್ಲಿಗೆ ಹೋಗಿ ಹರಕುಮುರುಕು ಮಲಯಾಳದಲ್ಲಿ ಬಿಲ್ ಮಾಡಿಸುತ್ತಾರೆ. ಕನ್ನಡದವರನ್ನು ಕನ್ನಡದವರ ಹತ್ತಿರ ಸೇರಿಸುವುದೇ ಸೇವೆ ಅಂದುಕೊಂಡವನಿಗೆ ಇದನ್ನು ಒಪ್ಪಿಕೊಳ್ಳಲು ಸುಲಭ ಆಗಲಿಲ್ಲ. ಈಗ ಯಾರು ಎಲ್ಲಿ ನಿಂತರೂ ನಾನು ಕರೆಯುವುದಿಲ್ಲ.

ಮಶೀನಿನ ಸ್ಪೀಕರಿಗೆ ಕಪ್ಪು ಇನ್ಸುಲೇಶನ್ ಟೇಪ್ ಹಚ್ಚಿದ್ದೇನೆ. ದನಿ ಈಗ ಕಂಬಳಿಯೊಳಗಿಂದ ಬರುತ್ತದೆ. ಕೇಳಿದರೆ ಧೂಳು ಹೋಗುತ್ತದೆ ಅಂತ ಹೇಳುವುದು. ಮತ್ತೆ ವಾಯ್ಡ್ ಏನೇ ಬರಲಿ, ಕಣ್ಣು ಮುಚ್ಚಿ ಒಂದನೇ ಡಬ್ಬಿ ಒತ್ತುವುದು. ತಪ್ಪು ಸ್ಕ್ಯಾನ್.

ಅದರ ಫಲ ಮೊನ್ನೆ ಬಂತು. ರೀಜನ್ನಿನಲ್ಲೇ ತಪ್ಪು ಸ್ಕ್ಯಾನ್ ಅತಿ ಜಾಸ್ತಿ ಕಾಸರಗೋಡಿನಲ್ಲಂತೆ. ಕೊಚ್ಚಿಯಿಂದ ಒಬ್ಬರು ಟ್ರೈನರನ್ನು ಕಳಿಸುತ್ತಿದ್ದಾರೆ, ಗಿರಾಕಿಗಳಿಗೆ ಬಾರ್‌ಕೋಡ್ ಹೇಗೆ ಹಿಡಿಯಬೇಕು ಎಂದು ನಾವು ಹೇಳಿಕೊಡುವುದು ಹೇಗೆ ಅಂತ ಹೇಳಿಕೊಡಲು. ಎಲ್ಲರೂ ಶಿಫ್ಟಿಗಿಂತ ಒಂದು ಗಂಟೆ ಮೊದಲು ಬರಬೇಕು. ಓವರ್‌ಟೈಮ್ ಇಲ್ಲ.