ನೀರು ಇಳಿದ ಮೇಲೆ ಸಿಗುವ ಬಯಲು

ಮಕ್ಕಳನ್ನು ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆಗೆ ಕರೆದುಕೊಂಡು ಹೋಗಬೇಕು ಅಂದರೆ ಮೊದಲು ನೋಡಬೇಕಾದ್ದು ಪಂಚಾಂಗ. ಭಾನುವಾರ ಎಲ್ಲರಿಗೂ ಬಿಡುವು ಇರುತ್ತದೆ, ಸರಿ. ಆದರೆ ನೀರು ನಡೆಯುವುದು ಚಂದ್ರನ ಲೆಕ್ಕದಲ್ಲಿ. ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಇವತ್ತು ಇಳಿದ ಹೊತ್ತಿಗಿಂತ ನಾಳೆ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಇಳಿತ ಜೋರು. ಆಗ ನೀರು ದೂರ ಸರಿದು, ನಡುವೆ ದೊಡ್ಡ ಬಯಲೇ ಬಿಟ್ಟುಕೊಡುತ್ತದೆ. ಅಂಥ ದಿನ ಭಾನುವಾರವೂ ಆಗಿ, ಹೊತ್ತು ಸಂಜೆಯೂ ಆಗಿ ಕೂಡಿಬರುವುದು ಅಪರೂಪ. ಪರೀಕ್ಷೆ ಮುಗಿದ ಏಪ್ರಿಲ್‌ನಲ್ಲಿ ಅಂಥದ್ದೊಂದು ದಿನ ಸಿಕ್ಕಿತು.

ಕುಮಟಾದ ನಮ್ಮ ಕೇರಿಯ ಕೆಲವು ಮನೆಯವರು ಸೇರಿ ಮಾಡಿಕೊಂಡ ಗುಂಪು ಇದು. ಹೆಸರಿಲ್ಲ, ಬ್ಯಾನರ್ ಇಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುವವರು, ಅಂಗಡಿಯವರು, ನಿವೃತ್ತ ಮಾಸ್ತರೊಬ್ಬರು, ಒಬ್ಬ ಕಣ್ಣಿನ ಡಾಕ್ಟರು. ಶುರುವಾಗಿದ್ದು ಡಾಕ್ಟರ ಮಾತಿನಿಂದಲೇ. ಅವರ ಹತ್ತಿರ ಕನ್ನಡಕಕ್ಕೆ ಬರುವ ಮಕ್ಕಳು ಜಾಸ್ತಿಯಾಗಿದ್ದಾರಂತೆ. ಹೊರಗಿನ ಬೆಳಕಿನಲ್ಲಿ ಹೆಚ್ಚು ಹೊತ್ತು ಕಳೆಯುವ ಮಕ್ಕಳಲ್ಲಿ ಸಮೀಪದೃಷ್ಟಿ ಶುರುವಾಗುವುದು ಕಡಿಮೆ ಅನ್ನುವುದು ಈಗ ಚೆನ್ನಾಗಿ ಗೊತ್ತಾಗಿರುವ ವಿಷಯ. ತೈವಾನ್‌ನಲ್ಲಿ 2010ರಿಂದ ಶಾಲೆ ಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಗೆ ಬಿಡುವ ಕಾರ್ಯಕ್ರಮವನ್ನೇ ಮಾಡಿದ್ದಾರೆ. "ನಾವು ಎಷ್ಟು ನಿಮಿಷ ಬಿಡ್ತಿದ್ದೇವೆ, ಲೆಕ್ಕ ಹಾಕಿ ನೋಡಿ" ಅಂದರು ಡಾಕ್ಟರು. ನಾನು ಮನೆಗೆ ಬಂದು ಮಗನ ಒಂದು ದಿನವನ್ನು ಲೆಕ್ಕ ಹಾಕಿದೆ. ಶಾಲೆ, ವ್ಯಾನು, ಟ್ಯೂಷನ್, ಹೋಮ್‌ವರ್ಕ್, ಊಟ, ಟಿ.ವಿ. ಬಿಸಿಲು ಅವನಿಗೆ ಸಿಗುತ್ತಿದ್ದದ್ದು ವ್ಯಾನು ಹತ್ತುವಾಗ ಮತ್ತು ಇಳಿಯುವಾಗ ಮಾತ್ರ.

ಸಮುದ್ರ, ಹೊಳೆ, ಗುಡ್ಡ ಮೂರೂ ಕೈಗೆಟುಕುವ ಊರಿನಲ್ಲಿ ಬೆಳೆಯುವ ಮಕ್ಕಳ ಕತೆ ಇದು. ಅದೇ ನನಗೆ ತುಂಬಾ ಬೇಜಾರಾದ ಸಂಗತಿ.

ಟೆಂಪೋ ಮಾಡಿಕೊಂಡು ಹೊರಟೆವು. ಹೊಳೆದಂಡೆಯ ಹಾದಿಯಲ್ಲಿ ಮಾಸ್ತರು ಮಕ್ಕಳಿಗೆ ಹೊಳೆಯ ಕತೆ ಹೇಳುತ್ತಾ ಬಂದರು. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿದ್ದು, ಉಂಚಳ್ಳಿಯಲ್ಲಿ 116 ಮೀಟರ್ ಎತ್ತರದಿಂದ ಧುಮುಕಿದ್ದು, ಎಲ್ಲೂ ಒಂದು ದೊಡ್ಡ ಅಣೆಕಟ್ಟೆಗೂ ಸಿಗದೆ ಇಲ್ಲಿತನಕ ಹರಿದುಬಂದದ್ದು. 2024ರಲ್ಲಿ ಈ ಅಳಿವೆಯ 4,801 ಹೆಕ್ಟೇರ್ ಜಾಗ ರಾಮ್ಸಾರ್ ಪಟ್ಟಿಗೆ ಸೇರಿದೆ, ಅಂದರೆ ಜಗತ್ತೇ ಕಾಪಾಡಬೇಕು ಅಂತ ಗುರುತಿಸಿದ ಜೌಗು ಜಾಗ ಇದು ಅಂತಲೂ ಹೇಳಿದರು. ಮಕ್ಕಳು ಅದನ್ನು ಅರ್ಧ ಕೇಳಿದರು. ಅವರ ಕಣ್ಣು ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲಿ ನಿಂತ ಬೆಳ್ಳಕ್ಕಿಗಳ ಮೇಲಿತ್ತು. ಇರಲಿ.

ದಂಡೆಯಲ್ಲಿ ನಮಗಾಗಿ ಕಾಯುತ್ತಿದ್ದದ್ದು ಬಳಚು, ಅಂದರೆ ಕಪ್ಪೆಚಿಪ್ಪು, ತೆಗೆಯುವ ಅಕ್ಕ. ಈ ಅಳಿವೆಯ ಕೆಸರು, ಮರಳಿನಲ್ಲಿ ಬಳಚು ಹೆಕ್ಕಿಯೇ ಎಷ್ಟೋ ಮನೆ ನಡೆಯುತ್ತದೆ. ಅಕ್ಕನದೂ ಅಂಥದ್ದೇ ಮನೆ. ಸೀರೆಯನ್ನು ಮೊಣಕಾಲಿನ ಮೇಲೆ ಕಟ್ಟಿ, ಸೊಂಟಕ್ಕೆ ಬುಟ್ಟಿ ಇಟ್ಟುಕೊಂಡು ನಿಂತಿದ್ದರು. ಮಕ್ಕಳನ್ನೆಲ್ಲ ಒಮ್ಮೆ ನೋಡಿ, "ಚಪ್ಪಲ್ ಬಿಡಿ, ಕಾಲೇ ಕಣ್ಣು ಇಲ್ಲಿ" ಅಂದರು.

ಕೆಲವರು ಬಿಟ್ಟು ಓಡಿದರು. ಐದನೇ ಕ್ಲಾಸಿನ ಒಬ್ಬಳು ಹುಡುಗಿ ಮಾತ್ರ ಷೂ ಬಿಚ್ಚಲಿಲ್ಲ. ಕೆಸರನ್ನೇ ನೋಡುತ್ತಾ ನಿಂತಳು.

"ಹೊಲಸು ಅಲ್ವಾ ಇದು?"

"ಹೊಲಸಲ್ಲ ತಂಗೀ, ಅರಲು. ಇದರಲ್ಲೇ ನಮ್ಮ ಅನ್ನ ಇರೋದು" ಅಂದರು ಅಕ್ಕ. ಅಷ್ಟು ಹೇಳಿ ಮುಂದೆ ನಡೆದುಬಿಟ್ಟರು. ಬಾ ಅಂತ ಕರೆಯಲಿಲ್ಲ, ಕೈ ಹಿಡಿದು ಎಳೆಯಲೂ ಇಲ್ಲ. ಆ ಹುಡುಗಿಯ ಅಮ್ಮ ನನ್ನ ಪಕ್ಕದಲ್ಲೇ ಇದ್ದರು. ಹೋಗು ಹೋಗು ಅಂತ ಹೇಳಲು ಬಾಯಿ ತೆರೆದವರು ಮಾಸ್ತರು ಕೈಸನ್ನೆ ಮಾಡಿದ್ದು ನೋಡಿ ಸುಮ್ಮನಾದರು. ಸ್ವಲ್ಪ ಹೊತ್ತಿಗೆ ಹುಡುಗಿ ತಾನೇ ಕೂತು ಷೂ ಬಿಚ್ಚಿದಳು, ಸಾಕ್ಸ್ ಮಡಚಿ ಅದರೊಳಗೆ ಇಟ್ಟಳು, ಒಂದು ಬೆರಳು ಇಳಿಸಿದಳು. ಆಮೇಲೆ ಪಾದ. ಬೆರಳ ಸಂದಿಯಿಂದ ಕೆಸರು ಮೇಲೆ ಬಂದದ್ದೇ ತಡ, ಜೋರಾಗಿ ನಕ್ಕುಬಿಟ್ಟಳು.

ಬಳಚು ಹುಡುಕುವುದು ಹೇಗೆ ಅಂತ ಅಕ್ಕ ತೋರಿಸಿಕೊಟ್ಟರು. ಮರಳಿನ ಮೇಲೆ ಅಕ್ಕಪಕ್ಕ ಎರಡು ಸಣ್ಣ ತೂತು ಕಂಡರೆ ಅಲ್ಲಿ ಕೆಳಗೆ ಬಳಚು ಇದೆ ಅಂತ. ಒಂದರಿಂದ ನೀರು ಒಳಗೆ ಎಳೆದುಕೊಳ್ಳುತ್ತದೆ, ಇನ್ನೊಂದರಿಂದ ಹೊರಗೆ ಬಿಡುತ್ತದೆ. ತೂತು ಕಾಣದ ಕಡೆ, ನೀರು ನಿಂತ ಕಡೆ, ಹಿಮ್ಮಡಿ ಊರಿ ಪಾದವನ್ನು ಮೆಲ್ಲಗೆ ಆಚೀಚೆ ತಿರುಗಿಸಬೇಕು. ಗಟ್ಟಿಯಾದ್ದು ತಾಗಿದರೆ ಬಗ್ಗಿ ಬೆರಳು ಹಾಕಬೇಕು. ನನ್ನ ಮಗ ಬಹಳ ಹೊತ್ತು ಸುಮ್ಮನೆ ಕಾಲು ತಿರುಗಿಸುತ್ತಾ ನಿಂತಿದ್ದ. ಮೊದಲು ಕಲ್ಲು ಸಿಕ್ಕಿತು, ಆಮೇಲೆ ಖಾಲಿ ಚಿಪ್ಪು. ಕೊನೆಗೆ ಒಂದು ಜೀವಂತ ಬಳಚು. ಅಂಗೈಯಲ್ಲಿ ಇಟ್ಟು ನೋಡುತ್ತಿದ್ದಾಗ ಚಿಪ್ಪು ಸ್ವಲ್ಪ ಬಾಯಿಬಿಟ್ಟು ಅವನ ಮಣಿಕಟ್ಟಿಗೆ ಸರಕ್ಕನೆ ನೀರು ಹಾರಿಸಿತು. ಅವನು ಕೈ ಕೊಡವಲಿಲ್ಲ. ಉಸಿರು ಹಿಡಿದು ನೋಡಿದ. ಅದು ಅವನ ಉಗುರಿಗಿಂತ ಸ್ವಲ್ಪ ದೊಡ್ಡದಿತ್ತು ಅಷ್ಟೇ. "ತಮಾ, ಅದು ಇನ್ನೂ ಬೆಳೀಬೇಕು, ಅಲ್ಲೇ ಬಿಡು" ಅಂದರು ಅಕ್ಕ. ಸಣ್ಣದನ್ನೂ ಹೆಕ್ಕಿದರೆ ಮುಂದಿನ ವರ್ಷಕ್ಕೆ ಏನು ಉಳಿಯುತ್ತದೆ ಅಂತ ಅವರ ಲೆಕ್ಕ. ಅವನು ಬಿಟ್ಟ. ಅದು ಮರಳೊಳಗೆ ಇಳಿದು ಮರೆಯಾಗುವತನಕ ಕದಲಲಿಲ್ಲ. ಮನೆಯಲ್ಲಿ ಅವನು ಇಷ್ಟು ಹೊತ್ತು ಒಂದೇ ಕಡೆ ನಿಂತಿದ್ದನ್ನು ನಾನು ಕಂಡಿಲ್ಲ.

ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲ ಗಿಡಗಳ ಬುಡದಲ್ಲಿ ಇನ್ನೊಂದು ಗುಂಪು ಏಡಿ ನೋಡುತ್ತಿತ್ತು. ಒಂದು ಕಾಲು ಮಾತ್ರ ದೇಹಕ್ಕಿಂತ ದೊಡ್ಡದಾಗಿ ಕಾಣುವ ಸಣ್ಣ ಏಡಿಗಳು. ದೊಡ್ಡ ಕಾಲು ಇರುವುದು ಗಂಡಿಗೆ ಮಾತ್ರ. ಅದನ್ನು ಮೇಲೆ ಕೆಳಗೆ ಬೀಸಿ ಹೆಣ್ಣನ್ನು ಕರೆಯುತ್ತದೆ, ಬೇರೆ ಗಂಡನ್ನು ಹೆದರಿಸುತ್ತದೆ. ಹತ್ತಿರ ಹೋದರೆ ಎಲ್ಲವೂ ಮಾಯ. ಅಲ್ಲಾಡದೆ ಕೂತರೆ ಒಂದೊಂದಾಗಿ ಹೊರಗೆ ಬರುತ್ತವೆ. ಮಕ್ಕಳಿಗೆ ಇದು ಯಾರೂ ಹೇಳದೆಯೇ ಗೊತ್ತಾಯಿತು. ಅಲ್ಲಾಡಿದವನನ್ನು ಉಳಿದವರೇ ಗದರಿಸುತ್ತಿದ್ದರು.

ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗುವುದು ಕಷ್ಟದ ಕೆಲಸವಲ್ಲ. ಹೋದ ಮೇಲೆ ದೊಡ್ಡವರು ಸುಮ್ಮನಿರುವುದು ಕಷ್ಟ. ಬಟ್ಟೆ ಹಾಳಾಯಿತು, ಅದನ್ನು ಮುಟ್ಟಬೇಡ, ಈ ಕಡೆ ನೋಡು, ಫೋಟೊ ತೆಗೀತೀನಿ. ಇಷ್ಟನ್ನು ಬಾಯಲ್ಲೇ ತಡೆಹಿಡಿದರೆ ಮುಕ್ಕಾಲು ಕೆಲಸ ಆದಂತೆ. ನಮ್ಮ ಗುಂಪಿನಲ್ಲಿ ಮೊಬೈಲು ಟೆಂಪೋದಲ್ಲೇ ಇಡಬೇಕು ಅಂತ ಮಾತಾಗಿದೆ. ತುರ್ತಿಗೆ ಅಂತ ಮಾಸ್ತರ ಹತ್ತಿರ ಒಂದು ಇರುತ್ತದೆ.

ಸುಮ್ಮನಿರುವುದು ಅಂದರೆ ಮಕ್ಕಳ ಮೇಲಿನ ಕಣ್ಣು ತೆಗೆಯುವುದು ಅಂತಲ್ಲ. ಅಳಿವೆ ಅಪಾಯದ ಜಾಗವೂ ಹೌದು. ಕೆಲವು ಕಡೆ ಕೆಸರು ಸೊಂಟದವರೆಗೆ ಎಳೆಯುತ್ತದೆ. ಕಲ್ಲಿಗೆ ಅಂಟಿದ ಚಿಪ್ಪು ಪಾದ ಸೀಳುತ್ತದೆ. ಎಲ್ಲಕ್ಕಿಂತ ಹೆಚ್ಚು ಹೆದರಿಕೆ ತಿರುಗಿ ಬರುವ ನೀರಿನದು. ಅದು ಮುಂದಿನಿಂದ ಅಲೆಯಾಗಿ ಬರುವುದಿಲ್ಲ. ಹಿಂದಿನ ತಗ್ಗುಗಳನ್ನು ಸದ್ದಿಲ್ಲದೆ ಮೊದಲು ತುಂಬುತ್ತದೆ. ದಿಬ್ಬದ ಮೇಲೆ ನಿಂತವರಿಗೆ ವಾಪಸ್ ಬರುವ ದಾರಿಯೇ ಇರುವುದಿಲ್ಲ. ಹಾಗಾಗಿ ದಂಡೆಯ ಉದ್ದಕ್ಕೂ ಈಜು ಬರುವವರು ಅಲ್ಲಲ್ಲಿ ನಿಂತಿರುತ್ತಾರೆ. ಅಕ್ಕ ಮೊದಲೇ ಒಂದು ಕೋಲು ನೆಟ್ಟು, ಇದನ್ನು ದಾಟಬೇಡಿ ಅಂದಿದ್ದರು. ಅವರು "ನೀರು ತಿರುಗ್ತು" ಅಂತ ಕೂಗಿದ ತಕ್ಷಣ ಕೈಯಲ್ಲಿ ಏನೇ ಇರಲಿ, ಎಲ್ಲರೂ ಮೇಲೆ ಬರಬೇಕು. ಅವತ್ತು ಕೂಗಿದಾಗ ನಮಗೆ ಕಣ್ಣಿಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಎಲ್ಲರೂ ದಂಡೆ ಹತ್ತಿ ನಿಂತು ನೋಡುವಷ್ಟರಲ್ಲಿ ಕೋಲಿನ ಬುಡ ಒದ್ದೆಯಾಗಿತ್ತು.

ಬೆಳಕು ಇನ್ನೂ ಇತ್ತು. ಚಿರೆಕಲ್ಲಿನ ಚೂರು ಆರಿಸಿ ಮಕ್ಕಳು ಲಗೋರಿ ಕಟ್ಟಿದರು. ಅಕ್ಕನ ಕೇರಿಯ ಮಕ್ಕಳೂ ಬಂದು ಸೇರಿದರು. ಆಟದಲ್ಲಿ ಅವರದ್ದೇ ಮೇಲುಗೈ. ಗುರಿ, ಓಟ, ಜಾರದೆ ತಿರುಗುವುದು, ಎಲ್ಲದರಲ್ಲೂ. ನಮ್ಮ ಮಕ್ಕಳು ಸೋತರೂ ಮತ್ತೆ ಕಟ್ಟಿ ಅಂತ ಹಟ ಹಿಡಿದರು. ಎರಡೂ ಕೇರಿಯ ಮಕ್ಕಳು ಹೀಗೆ ಸೇರುವ ಜಾಗ ಬೇರೆ ಎಲ್ಲಿದೆ? ಶಾಲೆ ಬೇರೆ, ವ್ಯಾನು ಬೇರೆ, ಹುಟ್ಟುಹಬ್ಬದ ಕರೆಯೂ ಬೇರೆ. ನನಗೆ ಆ ಸಂಜೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಈ ಲಗೋರಿ.

ಹೊರಡುವಾಗ ಒಂದು ಮಾತು ಇತ್ಯರ್ಥ ಆಗಬೇಕಿತ್ತು. ಅಷ್ಟು ಒಳ್ಳೆಯ ಇಳಿತದ ದಿನ ಅಕ್ಕ ನಮ್ಮ ಮಕ್ಕಳ ಹಿಂದೆ ತಿರುಗಿ, ತಮ್ಮ ಬುಟ್ಟಿಯನ್ನು ಅರ್ಧವೂ ತುಂಬಿಸಿಕೊಂಡಿರಲಿಲ್ಲ. ದುಡ್ಡು ಕೊಡಹೋದರೆ, "ಮಕ್ಕಳ ಹತ್ರ ಎಂತ ದುಡ್ಡು" ಅಂತ ಕೈ ಹಿಂದೆ ಮಾಡಿಕೊಂಡರು. ಮಾಸ್ತರು ಬಿಡಲಿಲ್ಲ. "ನಾನು ಪಾಠ ಹೇಳಿ ಸಂಬಳ ತಗೊಂಡವನು ಅಕ್ಕಾ. ಇವತ್ತು ಪಾಠ ಹೇಳಿದವರು ನೀವು" ಅಂದರು. ಅಕ್ಕ ಸ್ವಲ್ಪ ಯೋಚಿಸಿ, ಒಂದು ದಿನದ ಬಳಚಿನ ಬೆಲೆ ಮಾತ್ರ ಸಾಕು, ಹೆಚ್ಚು ಬೇಡ ಅಂದರು. ಈಗ ಅದೇ ನಿಯಮ. ಟೆಂಪೋ ಬಾಡಿಗೆಗೆ ದುಡ್ಡು ಕೂಡಿಸುವಾಗಲೇ ಅಕ್ಕನ ದಿನದ ದುಡಿಮೆಯನ್ನೂ ಸೇರಿಸಿಬಿಡುತ್ತೇವೆ. ಮಳೆಗಾಲದಲ್ಲಿ ಅಳಿವೆಗೆ ಇಳಿಯುವಂತಿಲ್ಲ. ಆಗ ಕಾಂಡ್ಲದ ಕೋಡು ಬಲಿತು ಉದುರುವ ಕಾಲ. ದಂಡೆಯ ಮೇಲೆ ನಿಂತೇ ಹೆಕ್ಕಬಹುದು, ನೆಡುವುದನ್ನು ಹೇಳಿಕೊಡುತ್ತೇನೆ ಅಂದಿದ್ದಾರೆ ಅಕ್ಕ. ಷೂ ಬಿಚ್ಚಲು ಹಿಂದೆಮುಂದೆ ನೋಡಿದ ಹುಡುಗಿ ಅದಕ್ಕೆ ಬರುವವರ ಪಟ್ಟಿಯಲ್ಲಿ ತನ್ನ ಹೆಸರನ್ನೇ ಮೊದಲು ಬರೆಸಿದ್ದಾಳೆ.