ಬಿರುಬೇಸಿಗೆಯಲ್ಲಿ ಮೈನಸ್ 12

ನನ್ನ ಹೆಂಡತಿಯ ತವರು ಬಾಗಲಕೋಟೆಯ ನವನಗರ. ವಿಜಯಪುರದಿಂದ ಹೊರಟರೆ ಕೊಲ್ಹಾರದಲ್ಲಿ ಇಳಿದು ಮಡಿಕೆ ಮೊಸರು ಕೊಳ್ಳಲೇಬೇಕು. ಬರಿಗೈಲಿ ಹೋದರೆ ಅತ್ತೆಯ ಮುಖ ನೋಡುವಂತಿಲ್ಲ. ಕಳೆದ ಮೇ ತಿಂಗಳಲ್ಲಿ ಹಾಗೇ ಮೊಸರು ಹಿಡಿದುಕೊಂಡು ಬಂದು ಕಾರಿನ ಕೀಲಿ ತಿರುವಿದೆ. ಸೆಲ್ಫ್ ತಿರುಗಿತು, ಇಂಜಿನ್ ಹತ್ತಲಿಲ್ಲ. ನಾಲ್ಕನೇ ಸಲಕ್ಕೆ ಪೆಟ್ರೋಲ್ ವಾಸನೆ ಮೂಗಿಗೆ ಬಡಿಯಿತು. ಪಕ್ಕದ ಟಂಟಂ ಡ್ರೈವರ್ ಕಿಟಕಿಗೆ ಬಗ್ಗಿ, "ಎಕ್ಸಿಲೇಟರ್ ಪೂರ್ತಿ ಒತ್ತಿ ಹಿಡದ್ ಸೆಲ್ಫ್ ಹೊಡೀರಿ ಸರ" ಅಂದ. ಹಾಗೆ ಮಾಡಿದಾಗ ಕರಿ ಹೊಗೆ ಕಾರಿ ಇಂಜಿನ್ ಹತ್ತಿತು. ಪೂರ್ತಿ ಒತ್ತಿದರೆ ಸ್ಟಾರ್ಟ್ ಆಗುವ ಹೊತ್ತಿನಲ್ಲಿ ಗಾಡಿಯ ಕಂಪ್ಯೂಟರ್ ಪೆಟ್ರೋಲ್ ಕಡಿತ ಮಾಡುತ್ತದೆ, ಒಳಗೆ ಹೆಚ್ಚಾಗಿ ತುಂಬಿದ್ದು ಹೊರಹೋಗುತ್ತದೆ ಎಂಬುದು ನನಗೆ ತಿಳಿದದ್ದು ಆಮೇಲೆ.

ಆವತ್ತು ಇನ್ನೊಂದು ಸಂಗತಿ ಕಣ್ಣಿಗೆ ಬಿದ್ದಿತ್ತು. ಹೊರಗೆ ಬಿಸಿಲು ಕೆಂಡದಂತೆ ಸುಡುತ್ತಿದ್ದರೂ ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು 'ಸಿ' ಹತ್ತಿರವೇ ಬಿದ್ದುಕೊಂಡಿತ್ತು. "ಇಂಜಿನ್ ತಣ್ಣಗೈತಿ ಬಿಡ್ರಿ, ಚೊಲೋನ ಆತು" ಅಂದಳು ಹೆಂಡತಿ. ನನಗೂ ಚೊಲೋನೇ ಅನ್ನಿಸಿತು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು ನಾನು, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಊರಿಗೆ ಬಂದ ಮೇಲೆ ಒಬ್ಬ ಮಿಸ್ತ್ರಿ ಪ್ಲಗ್ ಬಿಚ್ಚಿದ. ನಾಲ್ಕೂ ಕಾಡಿಗೆ ಬಳಿದಂತೆ ಕಪ್ಪಾಗಿದ್ದವು. ಹೊಸವನ್ನು ಹಾಕಿಸಿದೆ, ವಾರದಲ್ಲಿ ಅದೇ ರಾಗ. ಮೈಲೇಜು 17ರಿಂದ 12ಕ್ಕೆ ಇಳಿದಿತ್ತು. ಮತ್ತೊಬ್ಬ ಮಿಸ್ತ್ರಿ, "ಥರ್ಮೋಸ್ಟಾಟ್ ತೆರದ ಕುಂತೈತ್ರಿ. ನಮ್ಮ ಬಿಸಲಿಗೆ ಅದ ಯಾಕ ಬೇಕು, ತಗದ್ ಒಗದ ಬಿಡೂಣು" ಅಂದ. ಇಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಬಾಗಿಲು ಅದು. ನಮ್ಮ ಕಡೆ ಎಷ್ಟೋ ಗಾಡಿಗಳಲ್ಲಿ ಅದನ್ನು ಕಿತ್ತೇ ಓಡಿಸುತ್ತಾರೆ. ನನಗೆ ಒಪ್ಪಿಗೆಯಾಗಲಿಲ್ಲ. ಬಿಸಿಯಾಗಲು ತಡವಾಗಿದ್ದರೆ ಅವನ ಮಾತು ಸರಿ. ನನ್ನ ಮುಳ್ಳು ನೆಟ್ಟಗೆ ನಡುವಿಗೆ ಏರಿ, ಆಮೇಲೆ ದಬಕ್ಕನೆ ಬೀಳುತ್ತಿತ್ತು. ನೀರು ಹಾಗೆ ಒಮ್ಮೆಲೇ ತಣ್ಣಗಾಗುತ್ತದೆಯೇ?

ಅಕ್ಕನ ಮಗನ ಹತ್ತಿರ ಮೊಬೈಲಿಗೆ ಬ್ಲೂಟೂತ್‌ನಲ್ಲಿ ಕೂಡಿ, ಗಾಡಿಯ ಕಂಪ್ಯೂಟರಿನ ಅಂಕಿ ತೋರಿಸುವ ಸ್ಕ್ಯಾನರ್ ಇತ್ತು. ಬೆಳಗ್ಗೆ ಇಂಜಿನ್ ಹಚ್ಚುವ ಮೊದಲು ನೋಡಿದೆವು: ಕೂಲಂಟ್, ಅಂದರೆ ಇಂಜಿನ್ ತಣಿಸುವ ನೀರು, 31 ಡಿಗ್ರಿ, ಒಳಗೆ ಹೋಗುವ ಗಾಳಿ 31. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಎರಡೂ ಹೊಂದಬೇಕು, ಹೊಂದಿದ್ದವು. ಚೆಕ್ ಇಂಜಿನ್ ದೀಪವೂ ಇಲ್ಲ, ದೋಷದ ಕೋಡೂ ಇಲ್ಲ. "ಸೆನ್ಸರ್ ಬರೋಬ್ಬರಿ ಐತಿ ಮಾಮಾ" ಅಂದ. ನೀರಿನ ಬಿಸಿ ಅಳೆದು ಕಂಪ್ಯೂಟರಿಗೆ ಹೇಳುವುದು ಆ ಸೆನ್ಸರು. ಅಥಣಿ ರಸ್ತೆಯ ಕಡೆ ಒಂದು ಸುತ್ತು ಹೊರಟೆವು. 60, 75, 82... ಅಷ್ಟರಲ್ಲಿ ಅವನು ಕೂಗಿದ: "ಮಾಮಾ, ಮೈನಸ್ 12! ಕಾಶ್ಮೀರಕ್ಕ ಬಂದೀವೇನು?"

ಥರ್ಮೋಸ್ಟಾಟ್ ಎಷ್ಟೇ ಕೆಟ್ಟಿರಲಿ, ಓಡುವ ಇಂಜಿನ್ನಿನ ನೀರು ಹೊರಗಿನ ಗಾಳಿಗಿಂತ ತಣ್ಣಗಾಗಲಾರದು. ಉಳಿದದ್ದು ಸೆನ್ಸರ್, ಇಲ್ಲವೇ ಅದರ ವೈರು. ಕನೆಕ್ಟರ್ ಅಲ್ಲಾಡಿಸಿದೆವು, ಅಂಕಿ ಕದಲಲಿಲ್ಲ. ಅದನ್ನು ಕಿತ್ತಾಗ ಮೈನಸ್ 40, ಎರಡು ಪಿನ್ನು ವೈರಿನಿಂದ ಕೂಡಿಸಿದಾಗ ಮೇಲಿನ ತುದಿಗೆ ನೆಗೆತ. ಅಂದರೆ ವೈರು ನೆಟ್ಟಗಿದೆ, ಕಂಪ್ಯೂಟರೂ ನೆಟ್ಟಗಿದೆ.

ಇಂಜಿನ್ ಪೂರ್ತಿ ಆರಿದ ಮೇಲೆ ಸೆನ್ಸರ್ ಬಿಚ್ಚಿ, ಆ ತೂತಿಗೆ ಬೆಣೆ ಹಾಕಿ ಅಡುಗೆಮನೆಗೆ ತಂದೆ. ಬೋಗುಣಿಯಲ್ಲಿ ನೀರು, ಶಾಲೆಯ ಲ್ಯಾಬಿನ ಥರ್ಮಾಮೀಟರು, ದಾರದಲ್ಲಿ ಇಳಿಬಿಟ್ಟ ಸೆನ್ಸರು, ಪಿನ್ನುಗಳಿಗೆ ಮಲ್ಟಿಮೀಟರು. ಬಿಸಿ ಏರಿದಷ್ಟೂ ಇದರ ರೆಸಿಸ್ಟೆನ್ಸ್ ಇಳಿಯಬೇಕು. 32 ಡಿಗ್ರಿಗೆ ಸುಮಾರು 1500 ಓಮ್, 60ಕ್ಕೆ 600ರ ಹತ್ತಿರ, 80ಕ್ಕೆ ಮುನ್ನೂರು ಚಿಲ್ಲರೆ. ನೀರಿನಲ್ಲಿ ಸಣ್ಣ ಗುಳ್ಳೆ ಏಳುತ್ತಿದ್ದಂತೆ, 84ಕ್ಕೆ, ಮೀಟರು ಒಮ್ಮೆ ತಡವರಿಸಿ 10,000 ದಾಟಿತು, ಅಂದರೆ ಕಡುಚಳಿಯ ಲೆಕ್ಕ. ಒಲೆ ಆರಿಸಿದೆ. 70ಕ್ಕೆ ಇಳಿದಾಗ ಮತ್ತೆ ಸರಿ! ಮೂರು ಸಲ ಮಾಡಿದರೂ ಅಷ್ಟೇ. ಒಳಗಿನ ಯಾವುದೋ ಜೋಡಣೆ ಬಿಸಿಗೆ ಹಿಗ್ಗಿ ಬಿಡುತ್ತಿರಬೇಕು. ಚೆಕ್ ಇಂಜಿನ್ ದೀಪ ಹತ್ತದೆ ಇದ್ದುದಕ್ಕೂ ಕಾರಣ ಸಿಕ್ಕಿತು. ವೈರು ಪೂರಾ ಕಡಿದಿದ್ದರೆ ಮೈನಸ್ 40 ಬಂದು ಕಂಪ್ಯೂಟರ್ ಕಳ್ಳತನ ಹಿಡಿಯುತ್ತಿತ್ತು. ಮೈನಸ್ 12 ಅಂದರೆ ಎಲ್ಲೋ ನಿಜವಾಗಿಯೂ ಇರಬಹುದಾದ ಚಳಿ. ಅದು ನಂಬಿತು, ಪಾಪ. ಚಳಿಯಲ್ಲಿ ನಡುಗುವ ಇಂಜಿನ್ನಿಗೆಂದು ಪೆಟ್ರೋಲ್ ಸುರಿಯಿತು.

ಮೈ ಜುಮ್ಮೆಂದದ್ದು ಆಮೇಲೆ. ರೇಡಿಯೇಟರ್ ಫ್ಯಾನಿಗೆ ಅಪ್ಪಣೆ ಕೊಡುವುದೂ ಇದೇ ಸೆನ್ಸರಿನ ಲೆಕ್ಕದ ಮೇಲೆ. ಚಳಿ ಅಂದುಕೊಂಡ ಕಂಪ್ಯೂಟರು ಫ್ಯಾನ್ ಏಕೆ ಹಾಕೀತು? ಗಾಂಧಿ ಚೌಕದ ಗದ್ದಲದಲ್ಲಿ ನೀರು ಕುದ್ದು ಇಂಜಿನ್ನಿನ ಹೆಡ್ ಗ್ಯಾಸ್ಕೆಟ್ ಎಂಬ ಸೀಲು ಹೋಗದೆ ಉಳಿದದ್ದು ಹೇಗೆ ಅಂದರೆ, ಸೆಕೆಗೆ ಎಸಿ ಒಂದು ಗಳಿಗೆಯೂ ಆರಿಸಿರಲಿಲ್ಲ. ಎಸಿ ಹಾಕಿದರೆ ಫ್ಯಾನ್ ತಾನೇ ತಿರುಗುತ್ತದೆ. ಪೆಟ್ರೋಲ್ ಉಳಿಸುತ್ತೇನೆಂದು ನಾನು ಎಸಿ ಆರಿಸಲು ಕೈ ಚಾಚಿದಾಗಲೆಲ್ಲ ಜಗಳ ತೆಗೆದವಳು ಹೆಂಡತಿ. ಇದನ್ನು ಅವಳಿಗೆ ಹೇಳಲು ಎರಡು ದಿನ ಬೇಕಾಯಿತು.

ಹೊಸ ಸೆನ್ಸರು, ವಾಶರು, ಒಂದಿಷ್ಟು ಕೂಲಂಟು: ಸಾವಿರದ ಒಳಗೆ ಮುಗಿಯಿತು. ಮುಂದಿನ ರವಿವಾರ ಕೊಲ್ಹಾರದಲ್ಲಿ ಮೊಸರು ಕೊಂಡ ಮೇಲೆ ಇಂಜಿನ್ ಚಾಲೂ ಇಟ್ಟು, ಎಸಿ ಬೇಕಂತಲೇ ಆರಿಸಿ, ಬಾನೆಟ್ ಎತ್ತಿ ನಿಂತೆ. ಮೊಬೈಲಿನಲ್ಲಿ 92, 94, 96... ಗರ್ರೆಂದು ಫ್ಯಾನ್ ತಿರುಗತೊಡಗಿತು. ಅಂಕಿ ಇಳಿಯಿತು, ಫ್ಯಾನ್ ನಿಂತಿತು. ಇನ್ನೊಮ್ಮೆ ನೋಡೋಣವೆಂದು ಕಾಯುತ್ತಿದ್ದೆ. ಒಳಗಿನಿಂದ ಕೂಗು ಬಂತು: "ರೀ, ಮೊಸರು ಹುಳಿ ಆಕ್ಕೈತಿ, ಎಸಿ ಹಾಕ್ರಿ!"