ಅಪ್ಪ ಮಾರ್ಷಲ್, ಮಗ ಗಿಲ್ಬರ್ಟ್: ಲಂಡನ್ನಿನ ಟೆಂಪಲ್ ಚರ್ಚ್‌ಗೆ ಹೋಗಿ ಬಂದಿದ್ದು

ಲಂಡನ್‌ಗೆ ಹೋದೋರು ಬಿಗ್ ಬೆನ್, ಟವರ್ ಬ್ರಿಡ್ಜ್ ನೋಡ್ಕೊಂಡು ಬರ್ತಾರೆ, ಆದ್ರೆ ಫ್ಲೀಟ್ ಸ್ಟ್ರೀಟ್‌ನಿಂದ ಒಂದು ಸಣ್ಣ ಓಣಿ ಇಳಿದ್ರೆ ಸಿಗೋ ಟೆಂಪಲ್ ಚರ್ಚ್ ಕಡೆ ಹೋಗೋರು ಕಮ್ಮಿ. ಸುತ್ತ ಎಲ್ಲಾ ವಕೀಲರ ಚೇಂಬರ್‌ಗಳು, ಮಧ್ಯದಲ್ಲಿ ಟೆಂಪ್ಲರ್ ನೈಟ್‌ಗಳು (ಸನ್ಯಾಸಿಗಳ ಹಾಗೆ ಬದುಕ್ತಿದ್ದ ಕುದುರೆ ಸವಾರ ಯೋಧರು) ಕಟ್ಟಿಸಿದ ಈ ದುಂಡನೆ ಕಲ್ಲಿನ ಚರ್ಚು, 1185ರಲ್ಲಿ ಪ್ರತಿಷ್ಠಾಪನೆ ಆಗಿದ್ದು. ಒಳಗೆ ನೆಲದ ಮೇಲೇ ಕಲ್ಲಿನ ನೈಟ್‌ಗಳು ಮಲಗಿದ್ದಾರೆ. 1941ರ ಮೇ ತಿಂಗಳ ಬಾಂಬ್ ದಾಳೀಲಿ ಚಾವಣಿ ಹೊತ್ತಿ ಉರಿದು ಇವರ ಮೇಲೆ ಬಿದ್ದು ತುಂಬಾ ಹಾಳಾಗಿವೆ, ಆದ್ರೂ ಆ ಕಾಲದ ಹೆಸರಾಂತ ನೈಟ್ ವಿಲಿಯಂ ಮಾರ್ಷಲ್‌ದು ಅಂತ ಹೇಳೋ ಮೂರ್ತಿ ಪಕ್ಕ ಕೂತು ನೋಡಿದ್ರೆ ತಲೆ ಸುತ್ತ ಕವಿದಿರೋ ಕಬ್ಬಿಣದ ಬಳೆ ಹೆಣಿಗೆ, ಎಡಗಡೆ ಗುರಾಣಿ, ಸವೆದ ಮುಖ, ಎಲ್ಲಾ ಗೊತ್ತಾಗುತ್ತೆ.

ಈ ಮನುಷ್ಯನ ಬಾಲ್ಯ ಕೇಳಿದ್ರೆ ಹೊಟ್ಟೆ ಚುರುಕ್ ಅನ್ನುತ್ತೆ. 1152ರಲ್ಲಿ ಐದಾರು ವರ್ಷದ ಹುಡುಗ, ಅಪ್ಪನೇ ಅವನನ್ನ ಇಂಗ್ಲೆಂಡಿನ ರಾಜ ಸ್ಟೀಫನ್ ಹತ್ರ ಒತ್ತೆ ಇಟ್ಟು ಆಮೇಲೆ ಮಾತು ತಪ್ಪಿದ. ನಿನ್ನ ಮಗನ್ನ ನೇಣಿಗೆ ಹಾಕ್ತೀನಿ ಅಂದಾಗ ಆ ಅಪ್ಪ, ಇನ್ನೂ ಒಳ್ಳೇ ಮಕ್ಕಳನ್ನ ಮಾಡೋಕೆ ನನ್ನ ಹತ್ರ ಸುತ್ತಿಗೆ ಅಡಿಗಲ್ಲು ಇದಾವೆ ಅಂದನಂತೆ! ರಾಜನಿಗೇ ಮನಸ್ಸು ಬರಲಿಲ್ಲ. ಮಾರ್ಷಲ್ ಸತ್ತಮೇಲೆ ಮನೆಯವರು ಬರೆಸಿದ ಫ್ರೆಂಚ್ ಕಾವ್ಯದಲ್ಲಿ ಈ ಕಥೆ ಇದೆ, ಹುಡುಗ ರಾಜನ ಡೇರೇಲಿ ಹುಲ್ಲಿನ ಕಡ್ಡಿ ಹಿಡ್ಕೊಂಡು ರಾಜನ ಜೊತೆ ನೈಟ್ ಆಟ ಆಡ್ತಿದ್ದ ಅಂತಾನೂ ಇದೆ.

ಹನ್ನೆರಡು ಹದಿಮೂರಕ್ಕೆ ಅವನನ್ನ ಸಮುದ್ರ ದಾಟಿಸಿ ಈಗಿನ ಫ್ರಾನ್ಸಿನಲ್ಲಿರೋ ನಾರ್ಮಂಡಿಯ ಟ್ಯಾಂಕರ್‌ವಿಲ್ ಕೋಟೆಗೆ, ತಾಯಿ ಕಡೆ ಸಂಬಂಧಿಕರ ಮನೆಗೆ ಕಳಿಸಿದ್ರು. ಆಗಿನ ಪದ್ಧತೀನೇ ಅದು, ಸ್ವಂತ ಮನೇಲಿದ್ರೆ ಮುದ್ದು ಜಾಸ್ತಿ ಆಗುತ್ತೆ ಅಂತಾನೋ ಏನೋ, ಮಕ್ಕಳನ್ನ ಬೇರೆ ಸರದಾರರ ಮನೇಲಿ ಬೆಳೆಸೋದು. ಮೊದಲು ಊಟ ಬಡಿಸೋದು, ದೊಡ್ಡೋರ ಮುಂದೆ ಹೇಗೆ ನಿಲ್ಲಬೇಕು ಕಲಿಯೋದು, ಆಮೇಲೆ ಸ್ಕ್ವೈರ್ (ನೈಟ್‌ನ ಸಹಾಯಕ) ಆಗಿ ಕುದುರೆ ಮೈ ತಿಕ್ಕೋದು, ಕವಚದ ತುಕ್ಕು ತೆಗೆಯೋದು, ಅದರ ಮಧ್ಯೆ ಕತ್ತಿ, ಭರ್ಜಿ ಅಭ್ಯಾಸ. ವಿಲಿಯಂ ಬರೀ ತಿಂತಾನೆ, ಮಲಗ್ತಾನೆ ಅಂತ ಜೊತೆಯೋರು ಆಡ್ಕೋತಿದ್ರಂತೆ. ಇಪ್ಪತ್ತರ ಹತ್ರ ಹತ್ರ ನೈಟ್ ಆದ, ಮೊದಲ ಕಾಳಗದಲ್ಲೇ ಕುದುರೆ ಸತ್ತೋಯ್ತು, ಕೈಯಲ್ಲಿ ಕಾಸಿಲ್ಲ, ನೈಟ್ ಆದಾಗ ಕೊಟ್ಟಿದ್ದ ಮೇಲಂಗೀನ 22 ಸೂಗೆ (ಅಲ್ಲಿನ ಆಗಿನ ಹಣ) ಮಾರಿ ಒಂದು ಸಾಮಾನು ಹೊರೋ ಕುದುರೆ ತಗೊಂಡ. ಅಲ್ಲಿಂದ ಟೂರ್ನಮೆಂಟ್‌ಗಳಲ್ಲಿ (ನೈಟ್‌ಗಳ ಅಣಕು ಯುದ್ಧದ ಪಂದ್ಯಗಳಲ್ಲಿ) ಗೆದ್ದು ಗೆದ್ದು ಮೇಲೆ ಬಂದವನು, ಕೊನೆಗೆ ಬಾಲಕ ರಾಜ 3ನೇ ಹೆನ್ರಿ ಪರವಾಗಿ ಇಡೀ ಇಂಗ್ಲೆಂಡ್ ಆಳಿದ, 1217ರಲ್ಲಿ ಎಪ್ಪತ್ತರ ವಯಸ್ಸಲ್ಲಿ ಲಿಂಕನ್ ಯುದ್ಧದಲ್ಲಿ ಕುದುರೆ ನುಗ್ಗಿಸಿದ!

ಅದೇ ಚರ್ಚಲ್ಲಿ ಮಗ ಗಿಲ್ಬರ್ಟ್‌ನ ಸಮಾಧೀನೂ ಇತ್ತು. ಇವನನ್ನ ಪಾದ್ರಿ ಮಾಡ್ಬೇಕು ಅಂತ ಬೆಳೆಸಿದ್ರು, ಅಣ್ಣಂದಿರು ತೀರ್ಕೊಂಡಿದ್ರಿಂದ ಅರ್ಲ್ ಅನ್ನೋ ದೊಡ್ಡ ಸರದಾರನ ಪದವಿ ತಲೆ ಮೇಲೆ ಬಂತು, 1241ರಲ್ಲಿ ತಾನೂ ಅಪ್ಪನ ಮಗ ಅಂತ ತೋರಿಸೋಕೆ ಟೂರ್ನಮೆಂಟ್‌ಗೆ ಇಳಿದ, ಲಗಾಮು ಕಿತ್ತು ಕುದುರೆ ಹತೋಟಿ ತಪ್ಪಿ ಕೆಳಗೆ ಬಿದ್ದು ಎಳೆದಾಡಿಸ್ಕೊಂಡು ಸತ್ತ. ನನಗೆ ಅಪ್ಪನ ಗೆಲುವಿಗಿಂತ ಇದೇ ಜಾಸ್ತಿ ಕಾಡಿತು. ಅದೇ ರಕ್ತ, ಅದೇ ಮನೆತನ, ಇಲ್ಲದೆ ಹೋಗಿದ್ದು ಚಿಕ್ಕಂದಿನ ಆ ಕುದುರೆ ಲಾಯದ ವರ್ಷಗಳು ಮಾತ್ರ.

ಮಾರನೇ ದಿನ ವಾಲೇಸ್ ಕಲೆಕ್ಷನ್ ಮ್ಯೂಸಿಯಂಗೆ ಹೋದೆ. ಅಲ್ಲಿ 1480ರ ಸುಮಾರಿನ ಒಂದು ಜರ್ಮನ್ ಕವಚ ಇದೆ, ಸವಾರನಿಗೂ ಕುದುರೆಗೂ ತಲೆಯಿಂದ ಕೆಳಗಿನವರೆಗೆ ಉಕ್ಕು. ಮೊಣಕೈ ಹತ್ರ ತಗಡುಗಳು ಒಂದರ ಮೇಲೊಂದು ಜಾರೋ ಹಾಗೆ ಜೋಡಿಸಿರೋದನ್ನ ಗಾಜಿಗೆ ಮೂಗು ತಾಗಿಸಿ ನೋಡಿದೆ. ಇಂಥ ಪೂರ್ತಿ ಕವಚ 20-25 ಕೆಜಿ ಬರುತ್ತೆ, ಭಾರ ಮೈತುಂಬಾ ಹಂಚಿರುತ್ತೆ. ಫ್ರಾನ್ಸಿನ ಬೂಸಿಕೋ ಅನ್ನೋ ನೈಟ್ ಯೌವನದಲ್ಲಿ ಕವಚ ತೊಟ್ಟೇ ಲಾಗ ಹಾಕ್ತಿದ್ದ, ಏಣಿಯ ಹಿಂಬದೀಲಿ ಕಾಲು ಮುಟ್ಟಿಸದೆ ಬರೀ ಕೈಯಲ್ಲಿ ಹತ್ತುತಿದ್ದ ಅಂತ ಅವನ ಚರಿತ್ರೇಲಿ ಬರೆದಿದೆ. ಕವಚ ಹಾಕಿದ ನೈಟ್ ಬಿದ್ರೆ ಏಳೋಕೇ ಆಗಲ್ಲ ಅಂತ ನಂಬಿರೋರು ಇದನ್ನ ಒಂದ್ಸಲ ನೋಡ್ಲೇಬೇಕು.

ವಾಲೇಸ್‌ಗೆ ಪ್ರವೇಶ ಫ್ರೀ, ಟೆಂಪಲ್ ಚರ್ಚ್‌ಗೆ ಟಿಕೆಟ್ ಇದೆ, ತೆರೆಯೋ ಸಮಯ ಆಗಾಗ ಬದಲಾಗುತ್ತೆ, ಹೊರಡೋ ಮುಂಚೆ ನೋಡ್ಕೊಂಡು ಹೋಗಿ. ಮಕ್ಕಳಿದ್ರೆ ಚರ್ಚ್ ಮೊದಲು ಮುಗಿಸಿ, ಕವಚ ನೋಡಿದ್ಮೇಲೆ ಅವರು ಅಲ್ಲಿಂದ ಬೇಗ ಹೊರಗೆ ಬರಲ್ಲ.